‘ಸ್ರೋತಸ್ಸು ಮುಚ್ಚಿದೆ’ ಅಂದ್ರೆ ಹಾರ್ಟ್ ಬ್ಲಾಕೇಜಾ?

ನಿಮ್ಮ ಮಾವನವರಿಗೆ ಹೊಟ್ಟೆ ಉಬ್ಬರ, ಊಟ ಸೇರುತ್ತಿಲ್ಲ. ಆಯುರ್ವೇದ ವೈದ್ಯರು ‘ಸ್ರೋತಸ್ಸು ಮುಚ್ಚಿದೆ’ ಅಂದರು, ಇದು ಹಾರ್ಟ್ ಬ್ಲಾಕೇಜಾ ಅಂತ ಕೇಳಿದ್ದೀರಿ. ಅಲ್ಲ. ಸ್ರೋತಸ್ಸು ಅಂದರೆ ಆಯುರ್ವೇದದಲ್ಲಿ ಮೈಯೊಳಗಿನ ಹರಿವಿನ ದಾರಿ. ಅವರು ಹೇಳಿದ್ದು ಬಹುಶಃ ಅನ್ನದ ದಾರಿಯ ಬಗ್ಗೆ.

ನಾನು ಬೀದರಿನವನು, ಆಯುರ್ವೇದ ಓದಿದವನು. ಮೊದಲ ವರ್ಷದ ವೈವಾದಲ್ಲಿ ‘ನೀರಿನ ಸ್ರೋತಸ್ಸು ಎಲ್ಲಿದೆ, ತೋರಿಸಪ್ಪಾ’ ಅಂದರು. ಗಂಟಲು ಮುಟ್ಟಿ ತೋರಿಸಿದೆ. ಸರ್ ನಕ್ಕುಬಿಟ್ಟರು.

ಆ ನಗು ಅರ್ಥವಾಗಿದ್ದು ಬೀದರ್ ಪಕ್ಕದ ನೌಬಾದಿನ ಸುರಂಗ ಬಾವಿ ನೋಡಿದ ಮೇಲೆ. 15ನೇ ಶತಮಾನದ್ದು, ಬಹಮನಿ ಕಾಲದ್ದು. ನೆಲದಡಿ ಕಲ್ಲು ಕೊರೆದು ಮಾಡಿದ ನೀರಿನ ದಾರಿ, 2 ಕಿ.ಮೀ.ಗೂ ಜಾಸ್ತಿ ಉದ್ದ. ಮೇಲೆ ನಿಂತವರಿಗೆ ಕಾಣುವುದು ಅಲ್ಲೊಂದು ಇಲ್ಲೊಂದು ಬಾವಿಯ ಬಾಯಿ ಅಷ್ಟೇ. ಒಳಗೆ ಹೂಳು ತುಂಬಿದೆಯಾ ಅನ್ನೋದನ್ನು ಬರುವ ನೀರು ನೋಡಿಯೇ ಊಹಿಸಬೇಕು.

ಸ್ರೋತಸ್ಸೂ ಹಾಗೇ. ಚರಕ ಸಂಹಿತೆಯ ವಿಮಾನಸ್ಥಾನ ಅನ್ನೋ ಭಾಗದ 5ನೇ ಅಧ್ಯಾಯದಲ್ಲಿ 13 ಹೆಸರುಗಳಿವೆ: ಉಸಿರು, ನೀರು, ಅನ್ನ, ಏಳು ಧಾತುಗಳು (ರಕ್ತ, ಮಾಂಸ, ಮೂಳೆ, ಮಜ್ಜೆ ಮುಂತಾದವು), ಮೂತ್ರ, ಮಲ, ಬೆವರು. ಪ್ರತಿಯೊಂದಕ್ಕೂ ಮೂಲಸ್ಥಾನ ಹೇಳಿದ್ದಾರೆ. ನೀರಿನದಕ್ಕೆ ಅಂಗುಳ ಮತ್ತು ‘ಕ್ಲೋಮ’. (ಈ ಕ್ಲೋಮ ಯಾವ ಅಂಗ ಅಂತ ಪಂಡಿತರು ಇವತ್ತಿಗೂ ಜಗಳಾಡುತ್ತಾರೆ!) ಅದು ಕೆಟ್ಟಿದೆ ಅಂತ ತಿಳಿಯುವುದು ನಾಲಿಗೆ, ತುಟಿ, ಗಂಟಲು ಒಣಗಿ ವಿಪರೀತ ಬಾಯಾರಿದಾಗ. ಅಂದರೆ ಲಕ್ಷಣದಿಂದ, ಸ್ಕ್ಯಾನಿನಿಂದ ಅಲ್ಲ. ಸುಶ್ರುತನ ಲೆಕ್ಕ ಬೇರೆ, 11 ಜೋಡಿ. ಅಲ್ಲಿ ಬೆವರು, ಮೂಳೆ, ಮಜ್ಜೆ ಇಲ್ಲ, ಮುಟ್ಟಿನ ದಾರಿ ಸೇರಿದೆ. ಒಂದೊಂದು ಸ್ರೋತಸ್ಸೂ ಒಂದೊಂದು ಪೈಪು ಅಂದುಕೊಂಡರೆ ಈ ಲೆಕ್ಕ ತಾಳೆಯಾಗಲ್ಲ, ಅಲ್ವಾ?

ಇನ್ನು ‘ಮುಚ್ಚಿದೆ’ ಅನ್ನೋದು ಕೆಡುವ ನಾಲ್ಕು ಬಗೆಯಲ್ಲಿ ಒಂದು ಮಾತ್ರ. ಜಾಸ್ತಿ ಹರಿಯಬಹುದು, ತಡೆಯಬಹುದು, ಗಂಟು ಕಟ್ಟಬಹುದು, ದಾರಿ ಬಿಟ್ಟು ಬೇರೆ ಕಡೆ ಹೋಗಬಹುದು. ಹಾಗಾಗಿ ಬರೀ ‘ಮುಚ್ಚಿದೆ’ ಅಂದರೆ ಸಾಲದು. ಯಾವ ಸ್ರೋತಸ್ಸು, ಯಾವ ಲಕ್ಷಣ ನೋಡಿ ಹೇಳಿದಿರಿ ಅಂತ ವೈದ್ಯರನ್ನೇ ಕೇಳಿ. ಓದಿದವರು ಸಿಟ್ಟಾಗಲ್ಲ, ಕೂರಿಸಿಕೊಂಡು ಹೇಳುತ್ತಾರೆ. ತಡವರಿಸಿದರೆ ಸಾವಿರಾರು ರೂಪಾಯಿಯ ಲೇಹಕ್ಕೆ ಕೈ ಹಾಕಬೇಡಿ.

ಆದರೆ ಎದೆ ಬಿಗಿತ, ತಣ್ಣನೆ ಬೆವರು, ಏದುಸಿರು ಇದ್ದರೆ ಈ ಚರ್ಚೆಯೆಲ್ಲ ಪಕ್ಕಕ್ಕಿಡಿ. ವಯಸ್ಸಾದವರಲ್ಲಿ ಹೃದಯದ ತೊಂದರೆಯೂ ಕೆಲವೊಮ್ಮೆ ಗ್ಯಾಸಿನ ಥರಾನೇ ಇರುತ್ತದೆ. ಸೀದಾ ಆಸ್ಪತ್ರೆಗೆ ಹೋಗಿ ಮೊದಲು ಇಸಿಜಿ ಮಾಡಿಸಿ.