ಮನೆ ಇನ್ನೂ ಮಾರಾಟವಾಗಿಲ್ಲ

ಪ್ರಶ್ನೆ: ಮನೆ ಮಾರಾಟಕ್ಕಿಟ್ಟು 5 ತಿಂಗಳಾಯಿತು. 11 ಜನ ನೋಡಿ ಹೋದರು. ಎಲ್ಲರೂ ‘ಹೇಳ್ತೀವಿ’ ಅಂದವರೇ, ಯಾರೂ ಹೇಳಲಿಲ್ಲ. ಫೋನ್ ರಿಂಗಾದರೆ ಎದೆ ಡವಗುಟ್ಟುತ್ತದೆ. ರಾತ್ರಿ ನಿದ್ದೆಯಿಲ್ಲ. ಏನು ಮಾಡಲಿ?

ಉತ್ತರ: ನಾನೂ 9 ತಿಂಗಳು ಕಾದವಳು. ಆಗ ಕುಡಿದ ಲೋಟವನ್ನೂ ತಕ್ಷಣ ತೊಳೆದಿಡುತ್ತಿದ್ದೆ, ಯಾರಾದರೂ ಬಂದುಬಿಟ್ಟರೆ ಅಂತ! ಸ್ವಂತ ಮನೆಯಲ್ಲೇ ನೆಂಟಳಂತಿದ್ದೆ. ಕೊನೆಗೆ, ಮನೆ ತೋರಿಸುವುದು ಬುಧವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಮಾತ್ರ ಎಂದುಬಿಟ್ಟೆ. ಉಳಿದ ದಿನ ಮನೆ ಮತ್ತೆ ನನ್ನದಾಯಿತು. ಏಜೆಂಟರಿಗೂ ವಾರಕ್ಕೊಂದೇ ಫೋನ್.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 11 ಜನ ಬಂದೂ ಒಬ್ಬರೂ ಚೌಕಾಸಿಗಿಳಿದಿಲ್ಲ ಅಂದರೆ ಬೆಲೆಯನ್ನು ಇನ್ನೊಮ್ಮೆ ನೋಡಬೇಕು. ಅಕ್ಕಪಕ್ಕದವರು ಎಷ್ಟು ಕೇಳುತ್ತಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ. ನಿಜವಾಗಿ ಎಷ್ಟಕ್ಕೆ ಹೋಯಿತು ಅನ್ನುವುದೇ ಲೆಕ್ಕ. ನಾವು ಬೆಲೆಯೊಳಗೆ ನೆನಪುಗಳನ್ನೂ ಸೇರಿಸಿಬಿಡುತ್ತೇವೆ, ಅಲ್ವಾ? ನೋಡಿ ಹೋದವರಿಗೆ ಏನು ಹಿಡಿಸಲಿಲ್ಲ ಅಂತ ಏಜೆಂಟರಿಂದಲೇ ಕೇಳಿಸಿ. ನಿಮ್ಮೆದುರು ಯಾರೂ ಬಾಯಿಬಿಡುವುದಿಲ್ಲ.

ಈ ಮನೆಯ ಹಣ ನಂಬಿಕೊಂಡು ಇನ್ನೊಂದಕ್ಕೆ ಅಡ್ವಾನ್ಸ್ ಕೊಡಬೇಡಿ. ನನ್ನ ನಿದ್ದೆ ಕೆಡಿಸಿದ್ದು ಅದೇ. ಸದ್ಯಕ್ಕೆ ಬಳಸದ ಸಾಮಾನು ಡಬ್ಬಕ್ಕೆ ತುಂಬಿಡಿ. ಕೋಣೆ ದೊಡ್ಡದಾಗಿ ಕಾಣುತ್ತದೆ, ಕೈಗೂ ಕೆಲಸ.