ಕಾರು ತಗ್ಗಿಸುವ ಮುನ್ನ ನಿಮ್ಮೂರಿನ ಹಂಪ್ ಅಳೆಯಿರಿ

ಪ್ರಶ್ನೆ: ನನ್ನದು 2019ರ ಮಾರುತಿ ಸ್ವಿಫ್ಟ್ ಝಡ್‌ಎಕ್ಸ್‌ಐ. 62 ಸಾವಿರ ಕಿ.ಮೀ. ಓಡಿದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಇರುವ ಸಂದು ನೋಡಿದಾಗಲೆಲ್ಲ ಬೇಜಾರು. 17 ಇಂಚಿನ ಅಲಾಯ್ ಹಾಕಿಸಿ, 40 ಮಿ.ಮೀ. ಇಳಿಸುವ ಸ್ಪ್ರಿಂಗ್ ಕೂರಿಸಬೇಕು ಅಂತಿದ್ದೇನೆ. ವಾರಕ್ಕೊಮ್ಮೆ ಬೆಂಗಳೂರಿನಿಂದ ಹಾಸನಕ್ಕೆ ಹೋಗಿ ಬರುತ್ತೇನೆ. ಹಬ್ಬ ಹರಿದಿನಕ್ಕೆ ಮನೆಯವರೆಲ್ಲ ಜೊತೆಗಿರುತ್ತಾರೆ. ಬರೀ ಸ್ಪ್ರಿಂಗ್ ಸಾಕೇ, ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಬೇಕೇ? 17 ಸರಿಯೇ, 16 ಸಾಕೇ?
(ಹಾಸನದ ಓದುಗರು)

ಉತ್ತರ: ನೀವು ಚಕ್ರದಿಂದ ಶುರು ಮಾಡಿದ್ದೀರಿ. ಅದು ಕೊನೆಗೆ ತೀರ್ಮಾನ ಆಗಬೇಕಾದದ್ದು. ಎಷ್ಟು ಇಳಿಸಬಹುದು ಅನ್ನೋದು ಮೊದಲು ಗೊತ್ತಾಗಲಿ. ಅದಕ್ಕೆ ಕ್ಯಾಟಲಾಗ್ ನೋಡಿ ಪ್ರಯೋಜನವಿಲ್ಲ, ನಿಮ್ಮ ಬೀದಿಯ ಹಂಪ್ ನೋಡಬೇಕು.

ಲೆಕ್ಕ ಹೀಗೆ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ಹೊಟ್ಟೆಯ ಎತ್ತರ) ಕಂಪನಿ ಹೇಳುವ ಪ್ರಕಾರ 163 ಮಿ.ಮೀ., ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2450 ಮಿ.ಮೀ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದಂತೆ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಮೆಲ್ಲನೆಯ ಬಾಗು. ಅಂಥದ್ದರ ನೆತ್ತಿಯ ಮೇಲೆ ನಿಮ್ಮ ಕಾರಿನ ಹೊಟ್ಟೆ ಬಂದಾಗ ನಾಲ್ಕೂ ಚಕ್ರ ಇನ್ನೂ ಹಂಪಿನ ಮೇಲೇ ಇರುತ್ತವೆ. ಹಾಗಾಗಿ ಕಳೆದುಕೊಳ್ಳುವುದು ಸುಮಾರು 44 ಮಿ.ಮೀ. ಮಾತ್ರ. 30 ಮಿ.ಮೀ. ಇಳಿಸಿದ ಕಾರೂ ಅದನ್ನು ಆರಾಮವಾಗಿ ದಾಟುತ್ತೆ.

ಆದರೆ ನಮ್ಮ ಊರುಗಳಲ್ಲಿ ಅಂಥ ಹಂಪ್ ಎಷ್ಟಿವೆ ಹೇಳಿ? ರಾತ್ರೋರಾತ್ರಿ ಒಂದು ಗಾಡಿ ಜಲ್ಲಿ, ನಾಲ್ಕು ಚೀಲ ಸಿಮೆಂಟು ತಂದು ಸುರಿದದ್ದೇ ಹೆಚ್ಚು. ಒಂದಡಿ ಅಗಲ, 15 ಸೆಂ.ಮೀ. ಎತ್ತರದ ಅಂಥ ದಿಣ್ಣೆಯನ್ನು ಮುಂದಿನ ಚಕ್ರ ದಾಟಿ, ಹಿಂದಿನದು ಇನ್ನೂ ಹತ್ತದೆ ಇರುವಾಗ ನಾಲ್ಕೂ ಚಕ್ರ ಸಮ ನೆಲದಲ್ಲಿರುತ್ತವೆ. ಪೂರ್ತಿ 150 ಮಿ.ಮೀ. ಹೊಟ್ಟೆಯ ಕೆಳಗೆ ಎದ್ದು ನಿಂತಿರುತ್ತೆ. ಕಂಪನಿ ಎತ್ತರದ ಖಾಲಿ ಕಾರಿಗೇ ಉಳಿಯೋದು 13 ಮಿ.ಮೀ. ನಿಮ್ಮ 40 ಮಿ.ಮೀ. ಇಳಿಸಿದ ಕಾರು, ಹಬ್ಬದ ದಿನ ಐದು ಜನ ಕೂತು ಡಿಕ್ಕಿ ತುಂಬಿರುವಾಗ? ಮೊದಲು ಉಜ್ಜೋದು ಎಕ್ಸಾಸ್ಟ್ ಪೈಪು. ಅದೃಷ್ಟ ಕೆಟ್ಟಿದ್ದರೆ ಆಯಿಲ್ ಚೇಂಬರು.

ಒಂದು ಸಣ್ಣ ಕೆಲಸ ಮಾಡಿ. ಸಮ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ನಾಲ್ಕೂ ಕಡೆಯ ಅಳತೆ ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚು ಕಡಿಮೆ ಇದ್ದರೆ ಅಳತೆ ತಪ್ಪುತ್ತೆ. ಆಮೇಲೆ ಮನೆಯವರನ್ನೆಲ್ಲ ಕೂರಿಸಿ, ಸಾಮಾನು ತುಂಬಿ ಮತ್ತೆ ಅಳೆಯಿರಿ. ಹಿಂಭಾಗ ಎಷ್ಟು ಕುಸಿಯಿತೋ ಅಷ್ಟು ಎತ್ತರ ಆಗಲೇ ಖರ್ಚಾಗಿದೆ. ಉಳಿದದ್ದರಲ್ಲಿ ನೀವು ಇಳಿಸಬೇಕು. ನಿಮ್ಮ ಓಡಾಟಕ್ಕೆ 20 ರಿಂದ 25 ಮಿ.ಮೀ. ಮೇಲೆ ಹೋಗಬೇಡಿ ಅನ್ನೋದು ನನ್ನ ಅಭಿಪ್ರಾಯ. ಕಣ್ಣಿಗೆ ಅಷ್ಟು ಸಾಕು. ಸಂದು ಪೂರ್ತಿ ಮುಚ್ಚಲೇಬೇಕು ಅನ್ನುವವರು ಬೇರೆ ದಾರಿಯಲ್ಲಿ ಆಫೀಸಿಗೆ ಹೋಗೋದನ್ನೂ ಕಲಿಯಬೇಕಾಗುತ್ತೆ.

ಇನ್ನು ಸ್ಪ್ರಿಂಗ್. ಒಳ್ಳೆಯ ಲೋವರಿಂಗ್ ಸ್ಪ್ರಿಂಗ್ ಗಿಡ್ಡ ಮಾತ್ರ ಅಲ್ಲ, ಗಟ್ಟಿಯೂ ಇರುತ್ತೆ. ಚಕ್ರ ಮೇಲೆ ಹೋಗಲು ಇದ್ದ ಜಾಗದಲ್ಲಿ 25 ಮಿ.ಮೀ. ಹೋಯಿತಲ್ಲ, ಉಳಿದ ಜಾಗದಲ್ಲೇ ಅದೇ ಗುಂಡಿಯ ಹೊಡೆತ ತಡೆಯಬೇಕು. ಆ ಗಟ್ಟಿ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಬೇಕಾದದ್ದು ಶಾಕ್ ಅಬ್ಸಾರ್ಬರ್. ಕಂಪನಿ ಶಾಕ್ ತಯಾರಾಗಿರೋದು ಕಂಪನಿ ಸ್ಪ್ರಿಂಗಿಗೆ. ಗಟ್ಟಿ ಸ್ಪ್ರಿಂಗ್ ಮೇಲಕ್ಕೆ ಚಿಮ್ಮುವಾಗ ಅದರ ಹಿಡಿತ ಸಾಲುವುದಿಲ್ಲ. ಕಾರು ಒಂದು ಹಂಪ್ ದಾಟಿ ಎರಡು ಸಲ ಕುಣಿಯುತ್ತೆ. ಜೊತೆಗೆ ಶಾಕಿನ ರಾಡು ಯಾವಾಗಲೂ ಕೆಳಗೇ ಕೂತು, ಬಂಪ್ ಸ್ಟಾಪ್ ಅನ್ನೋ ರಬ್ಬರಿಗೆ ಮತ್ತೆ ಮತ್ತೆ ಬಡಿಯುತ್ತೆ. ‘ಲೋವರ್ ಮಾಡಿಸಿದ ಮೇಲೆ ಸ್ಟಿಫ್ ಆಯ್ತು’ ಅಂತ ಹಲವರು ಹೇಳೋದು ನಿಜವಾಗಿ ಈ ರಬ್ಬರಿನ ಪೆಟ್ಟು.

ನಿಮ್ಮ ಕಾರು 62 ಸಾವಿರ ಓಡಿದೆ, ಶಾಕ್ ಹೇಗೂ ದಣಿದಿರುತ್ತೆ. ಮುಂದಿನ ಸ್ಪ್ರಿಂಗ್ ಬದಲಿಸಲು ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗೆ ಇರುವ ಕಂಬ) ಪೂರ್ತಿ ಬಿಚ್ಚಲೇಬೇಕು. ಬಿಚ್ಚಿದ ಕೂಲಿಯಲ್ಲೇ ಶಾಕ್, ಮೇಲಿನ ಮೌಂಟು, ಬೇರಿಂಗು ಎಲ್ಲ ಹೊಸದು ಹಾಕಿಸಿ. ಸ್ಪ್ರಿಂಗ್ ಮತ್ತು ಶಾಕ್ ಒಂದೇ ತಯಾರಕರ ಜೋಡಿ ಕಿಟ್ ಆದರೆ ಉತ್ತಮ. ನಿಮ್ಮ ಬಜೆಟ್‌ನಲ್ಲಿ ಒಂದೇ ಒಂದು ಕೆಲಸ ಸಾಧ್ಯ ಅನ್ನೋದಾದರೆ ಅಲಾಯ್ ಬಿಟ್ಟು ಇದನ್ನು ಮಾಡಿಸಿ.

ಕಾಯಿಲೋವರ್ ನಿಮಗೆ ಬೇಡ. ಎತ್ತರ ಮತ್ತೆ ಮತ್ತೆ ಬದಲಿಸುವವರಿಗೆ, ಟ್ರ್ಯಾಕಿಗೆ ಹೋಗುವವರಿಗೆ ಅದು. ಕರಾವಳಿಯವರು ಅಂತೂ ಇನ್ನೊಮ್ಮೆ ಯೋಚಿಸಬೇಕು. ಉಪ್ಪು ಗಾಳಿ, ಮಳೆಗಾಲದ ಕೆಸರು ಸೇರಿ ಅದರ ಥ್ರೆಡ್ ಜಾಮ್ ಆದರೆ ಹೊಂದಿಸುವ ಮಾತಿರಲಿ, ಕಾಲರ್ ಬಿಚ್ಚಲೂ ಆಗದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಜಾಸ್ತಿ ತಗ್ಗಿಸಿದಷ್ಟೂ ತಿರುವಿನಲ್ಲಿ ಕಾರು ಚೆನ್ನಾಗಿ ಕೂರುತ್ತೆ ಅನ್ನೋದು ಪೂರ್ತಿ ನಿಜವಲ್ಲ. ಸ್ವಿಫ್ಟ್‌ನ ಮುಂಭಾಗದಲ್ಲಿರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ನೆಲಕ್ಕೆ ಸಮವಾಗಿರುವವರೆಗೆ ಒಳ್ಳೆಯದು. ಅದನ್ನೂ ದಾಟಿ ಕಾರು ಇಳಿದು ಆರ್ಮ್ ಚಕ್ರದ ಕಡೆಗೆ ಮೇಲ್ಮುಖ ಆದರೆ, ಕಾರು ವಾಲಲು ಆಧಾರವಾಗುವ ರೋಲ್ ಸೆಂಟರ್ ಅನ್ನೋ ಬಿಂದು ಕಾರಿನ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತೆ. ಎರಡರ ಅಂತರ ಹೆಚ್ಚಿ, ತಗ್ಗಿದ ಕಾರೇ ಹೆಚ್ಚು ವಾಲಲು ನೋಡುತ್ತೆ. ಆಮೇಲೆ ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್. ಶಿರಾಡಿ ಘಾಟಿಯ ತಿರುವಿನಲ್ಲಿ ರಸ್ತೆ ಏರುಪೇರಿದ್ದರೆ ಅಂಥ ಕಾರು ಹಿಡಿತ ಬಿಟ್ಟು ಹಾರುತ್ತೆ.

ಈಗ ಚಕ್ರಕ್ಕೆ ಬರೋಣ. ನಿಮ್ಮ ಟೈರು 185/65 ಆರ್15, ಅಂದರೆ 185 ಮಿ.ಮೀ. ಅಗಲ, 15 ಇಂಚಿನ ರಿಮ್. ಟೈರಿನ ಗೋಡೆ 185ರ ಶೇ 65, ಅಂದರೆ 120 ಮಿ.ಮೀ. ಎರಡು ಗೋಡೆ ಮತ್ತು 15 ಇಂಚು ಸೇರಿ ಒಟ್ಟು ವ್ಯಾಸ 621 ಮಿ.ಮೀ. ಚಿಲ್ಲರೆ. 195/55 ಆರ್16 ಹಾಕಿದರೆ ಗೋಡೆ 107, ವ್ಯಾಸ 621ಕ್ಕೆ ಕೂದಲೆಳೆಯಷ್ಟು ಕಡಿಮೆ. ಸ್ಪೀಡೋಮೀಟರ್ ಸರಿಯಾಗೇ ಇರುತ್ತೆ, ಕಾರಿನ ಎತ್ತರವೂ ಬದಲಾಗದು. 195/45 ಆರ್17ಕ್ಕೆ ಹೋದರೆ ಗೋಡೆ ಬರೀ 88, ವ್ಯಾಸ 607. ಹೊರದೇಶದ ಸ್ವಿಫ್ಟ್ ಸ್ಪೋರ್ಟ್‌ನಲ್ಲಿ ಬರುತ್ತಿದ್ದದ್ದು ಇದೇ ಅಳತೆ, ಹಾಗಾಗಿ ಕೂರುತ್ತೆ. ಆದರೆ ಮೀಟರಿನಲ್ಲಿ ವೇಗ ಶೇ 2ರಷ್ಟು ಹೆಚ್ಚು ತೋರಿಸುತ್ತೆ, ಕಾರು ಇನ್ನೊಂದು 7 ಮಿ.ಮೀ. ಇಳಿಯುತ್ತೆ. ಗುಂಡಿ ನುಂಗಲು ಇದ್ದ ರಬ್ಬರು 32 ಮಿ.ಮೀ. ಹೋಯಿತು. ಮಳೆ ನೀರು ತುಂಬಿದ ಗುಂಡಿಗೆ ರಾತ್ರಿ 60ರಲ್ಲಿ ಬಿದ್ದರೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಬುಗುಟು, ರಿಮ್ಮಿನ ಅಂಚಿಗೆ ಸೊಟ್ಟು. ಬುಗುಟು ಬಂದ ಟೈರು ರಿಪೇರಿ ಆಗುವಂಥದ್ದಲ್ಲ.

ಹಾಗಾಗಿ 16, ಅದೂ 6 ಅಥವಾ 6.5 ಇಂಚು ಅಗಲದ ರಿಮ್. ಬೋಲ್ಟ್ ತೂತು ನಾಲ್ಕು, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಟೈರಿನ ಮೇಲಿನ ಲೋಡ್ ಸಂಖ್ಯೆಯನ್ನೂ ಓದಿ. 87 ಅಂದರೆ ಒಂದು ಟೈರಿಗೆ 545 ಕಿಲೋ, ನಿಮಗೆ ಧಾರಾಳ ಸಾಕು. 81 ಅಂದರೆ 462 ಕಿಲೋ. ಕೊಳ್ಳುವ ಮುಂಚೆ ಹಳೆ ರಿಮ್ಮನ್ನೂ ಹೊಸದನ್ನೂ ತಕ್ಕಡಿಗೆ ಹಾಕಿಸಿ ನೋಡಿ. ಹೊಸದು ತೀರಾ ಭಾರ ಇದ್ದರೆ, ಎಷ್ಟೇ ಚಂದ ಇದ್ದರೂ ವಾಪಸ್ ಕೊಡಿ. ಆ ಭಾರ ಸ್ಪ್ರಿಂಗಿನ ಕೆಳಗಿರುತ್ತೆ, ಪ್ರತಿ ಗುಂಡಿಯಲ್ಲೂ ಶಾಕ್ ಅದನ್ನು ಹಿಡಿಯಬೇಕು.

ಪ್ರಶ್ನೆ: ಗೆಳೆಯನ ಗ್ಯಾರೇಜಿನಲ್ಲಿ ಸ್ಪ್ರಿಂಗಿನ ಒಂದು ಸುತ್ತು ಕಟ್ ಮಾಡಿ ಕಾರು ತಗ್ಗಿಸಿಕೊಡುತ್ತಾರಂತೆ. ಖರ್ಚು ಏನೂ ಇಲ್ಲ. ಮಾಡಿಸಬಹುದೇ?
(ತುಮಕೂರಿನ ಓದುಗರು)

ಉತ್ತರ: ಬೇಡ. ಸ್ಪ್ರಿಂಗಿನ ತುದಿಯ ಸುತ್ತು ಅದರ ಸೀಟಿನಲ್ಲಿ ಕೂರುವಂತೆ ರೂಪಿಸಿರುತ್ತಾರೆ. ಕಡಿದ ತುದಿ ಹಾಗೆ ಕೂರುವುದಿಲ್ಲ. ಕಾರನ್ನು ಜಾಕ್ ಮೇಲೆ ಎತ್ತಿದಾಗ ಸ್ಪ್ರಿಂಗ್ ಸಡಿಲವಾಗಿ ಕೈಯಲ್ಲಿ ತಿರುಗುತ್ತೆ ಅಂದರೆ, ಹಂಪ್ ಹಾರಿದಾಗಲೂ ಅದೇ ಸ್ಥಿತಿ. ಸೀಟಿನಿಂದ ಜಾರಿ ಟೈರಿಗೋ ಬ್ರೇಕ್ ಪೈಪಿಗೋ ತಾಗಿದರೆ ಮುಂದಿನದು ನಿಮಗೇ ಗೊತ್ತು. ಗ್ಯಾಸ್ ಕಟರಿನಲ್ಲಿ ಕಾಯಿಸಿ ಕುಗ್ಗಿಸುವುದು ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗುತ್ತೆ.

ಪ್ರಶ್ನೆ: ಎರಡು ತಿಂಗಳ ಹಿಂದೆ 30 ಮಿ.ಮೀ. ತಗ್ಗಿಸಿದೆ. ಮುಂದಿನ ಎರಡೂ ಟೈರು ಒಳಗಡೆ ಮಾತ್ರ ಸವೆದಿವೆ. ಹಂಪ್ ಮೇಲೆ ಕಿರ್ ಕಿರ್ ಸದ್ದು ಬೇರೆ. ಅಲೈನ್‌ಮೆಂಟ್ ಆ ದಿನವೇ ಮಾಡಿಸಿದ್ದೆ.
(ದಾವಣಗೆರೆಯ ಓದುಗರು)

ಉತ್ತರ: ಆ ದಿನವೇ ಮಾಡಿಸಿದ್ದೇ ತೊಂದರೆ. ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನಷ್ಟು ಕೂರುತ್ತೆ, ಅಳತೆ ಮತ್ತೆ ಬದಲಾಗುತ್ತೆ. ಈಗ ಇನ್ನೊಮ್ಮೆ ಮಾಡಿಸಿ, ಪ್ರಿಂಟ್ ಕೇಳಿ ಪಡೆಯಿರಿ. ತಗ್ಗಿಸಿದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಬದಲಾಗುವುದನ್ನು ಎಲ್ಲರೂ ದೂರುತ್ತಾರೆ, ಆದರೆ ಟೈರನ್ನು ಬೇಗ ತಿನ್ನುವುದು ಹೆಚ್ಚಾಗಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಸ್ವಲ್ಪ ಓರೆಯಾಗಿ ಉರುಳುವ ಚಕ್ರ ರಸ್ತೆಗೆ ಪ್ರತಿ ಕ್ಷಣ ತಿಕ್ಕುತ್ತಲೇ ಹೋಗುತ್ತೆ.

ಸದ್ದಿಗೆ ಬಹುಶಃ ಲೋವರ್ ಆರ್ಮಿನ ರಬ್ಬರ್ ಬುಷ್ ಕಾರಣ. ಬುಷ್ ಬೋಲ್ಟನ್ನು ಕಾರು ಲಿಫ್ಟ್ ಮೇಲೆ, ಚಕ್ರ ಜೋತುಬಿದ್ದಿರುವಾಗ ಬಿಗಿ ಮಾಡಿದರೆ, ಕಾರು ಕೆಳಗಿಳಿದಾಗ ರಬ್ಬರು ತಿರುಚಿಕೊಂಡೇ ಕೂರುತ್ತೆ. ಬೋಲ್ಟ್ ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದಿರುವಾಗ ಮತ್ತೆ ಬಿಗಿ ಮಾಡಿಸಿ. ಅರ್ಧ ಗಂಟೆಯ ಕೆಲಸ. ರಬ್ಬರ್ ಹರಿದಿದ್ದರೆ ಹೊಸದೇ ಬೇಕು. ಇದನ್ನು ಮಾಡಿದ ಮೇಲೇ ಅಲೈನ್‌ಮೆಂಟ್.

ಪ್ರಶ್ನೆ: ಹೊಸ ಅಲಾಯ್ ಮಡ್‌ಗಾರ್ಡಿಗೆ ಉಜ್ಜುತ್ತಿದೆ. ಇಂಚು ಸರಿಯಾಗೇ ಇದೆ. ಮತ್ತೆ ಆರ್‌ಟಿಒ, ಇನ್ಶೂರೆನ್ಸ್ ತೊಂದರೆ ಬರುತ್ತಾ?
(ಬೆಂಗಳೂರಿನ ಓದುಗರು)

ಉತ್ತರ: ಇಂಚಿನ ಜೊತೆಗೆ ಅಗಲ ಮತ್ತು ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದನ್ನು ಬೋಲ್ಟ್ ಹಾಕುವ ಮುಖದವರೆಗಿನ ಅಂತರ) ನೋಡಬೇಕಿತ್ತು. ರಿಮ್ಮಿನ ಒಳಬದಿಯಲ್ಲಿ 6ಜೆ, ಇಟಿ45 ಅಂತ ಅಚ್ಚೊತ್ತಿರುತ್ತೆ, ಅಂದರೆ 6 ಇಂಚು ಅಗಲ, 45 ಮಿ.ಮೀ. ಆಫ್‌ಸೆಟ್. ಹಳೆಯದು 6ಜೆ ಇಟಿ45, ಹೊಸದು 7ಜೆ ಇಟಿ38 ಅಂತಿಟ್ಟುಕೊಳ್ಳಿ. ಒಂದು ಇಂಚು ಅಗಲ ಜಾಸ್ತಿ ಆದದ್ದು ಎರಡೂ ಬದಿಗೆ 12.7 ಮಿ.ಮೀ. ಹಂಚುತ್ತೆ. ಆಫ್‌ಸೆಟ್ 7 ಕಡಿಮೆ ಆದದ್ದು ಇಡೀ ಚಕ್ರವನ್ನು ಹೊರಕ್ಕೆ ತಳ್ಳುತ್ತೆ. ಒಟ್ಟು 19.7 ಮಿ.ಮೀ. ಹೊರಗೆ ಬಂತು, ಉಜ್ಜದೆ ಏನು ಮಾಡೀತು? ಮಡ್‌ಗಾರ್ಡ್ ಅಂಚು ಮಡಿಸಲು ಹೋಗಬೇಡಿ, ಪೇಂಟ್ ಬಿರಿದು ತುಕ್ಕು ಹಿಡಿಯುತ್ತೆ. ರಿಮ್ ಬದಲಿಸಿ. ಬದಲಿಸುವಾಗ ನಡುವಿನ ತೂತು ಕಾರಿನ ಹಬ್‌ಗಿಂತ (ರಿಮ್ ಕೂರುವ ನಡುಭಾಗ) ದೊಡ್ಡದಿದ್ದರೆ ಹಬ್ ರಿಂಗ್ (ಆ ಸಂದು ತುಂಬುವ ಬಳೆ) ಹಾಕಿಸಿ, ಇಲ್ಲವಾದರೆ ವೇಗದಲ್ಲಿ ಸ್ಟೇರಿಂಗ್ ನಡುಗಬಹುದು.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಆರ್‌ಸಿಯಲ್ಲಿರುವ ವಿವರ ತಾಳೆಯಾಗದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅಡಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಚಕ್ರ ದೂರದಿಂದಲೇ ಪೊಲೀಸರ ಕಣ್ಣಿಗೆ ಬೀಳುತ್ತೆ. ಮಾಡಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಇನ್ಶೂರೆನ್ಸ್ ಕಂಪನಿಗೆ ಸ್ಪ್ರಿಂಗ್, ರಿಮ್ ಎರಡರ ಬಗ್ಗೆಯೂ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರವನ್ನು ಬಿಲ್ಲಿನ ಜೊತೆ ಜೋಪಾನ ಮಾಡಿ. ತಿಳಿಸದೆ ಮಾಡಿಸಿದ ಬದಲಾವಣೆಯನ್ನೇ ಹಿಡಿದು ಕ್ಲೈಮ್ ತಿರಸ್ಕರಿಸಲು ಅವರಿಗೆ ದಾರಿಯಿದೆ. ಕಂಪನಿಯ ಹಳೆ ರಿಮ್, ಸ್ಪ್ರಿಂಗ್ ಗುಜರಿಗೆ ಹಾಕಬೇಡಿ, ಕಾರು ಮಾರುವಾಗ ಕೊಳ್ಳುವವರು ಮೊದಲು ಕೇಳೋದು ಅದನ್ನೇ.