ಬ್ಯಾಟರಿಗೆ ಕಾಯಿಸಿದ ನೀರು

ಪ್ರಶ್ನೆ: ನಮ್ಮ 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿ ಮೊದಲು ನಾಲ್ಕು ಗಂಟೆ ಬರುತ್ತಿತ್ತು, ಈಗ ಒಂದು ಗಂಟೆಗೇ ಕೂಗಿಕೊಳ್ಳುತ್ತದೆ. ಕೊಳವೆಬಾವಿಯ ನೀರನ್ನು ಕಾಯಿಸಿ, ಸೋಸಿ ಹಾಕುತ್ತಿದ್ದೇವೆ. ಸ್ವಲ್ಪ ಆ್ಯಸಿಡ್ ಸೇರಿಸಿದರೆ ಸರಿಹೋದೀತೇ?
– ಓದುಗರೊಬ್ಬರು, ಹೊಸದುರ್ಗ

ಉತ್ತರ: ಆ್ಯಸಿಡ್ ಮುಟ್ಟಲೇಬೇಡಿ. ಆರಿಹೋಗುವುದು ನೀರು ಮಾತ್ರ, ಆ್ಯಸಿಡ್ ಒಳಗೇ ಇರುತ್ತದೆ. ಮತ್ತೆ ಸುರಿದರೆ ಒಳಗಿನ ಸೀಸದ ಫಲಕಗಳು ಬೇಗ ಸವೆಯುತ್ತವೆ. ಇನ್ನು ಕಾಯಿಸಿದ ನೀರು! ಕುದಿಸಿದರೆ ರೋಗಾಣು ಸಾಯುತ್ತದೆ, ಲವಣ ಪೂರ್ತಿ ಹೋಗುವುದಿಲ್ಲ. ನಿಮ್ಮ ಸ್ನಾನದ ಹಂಡೆಯ ತಳದಲ್ಲಿ ಕಚ್ಚಿಕೊಂಡಿರುವ ಬಿಳಿ ಪದರವನ್ನು ಉಗುರಿನಿಂದ ಕೆರೆದು ನೋಡಿ. ಬ್ಯಾಟರಿಗೆ ನೀವು ಕುಡಿಸಿದ್ದು ಅಂಥ ನೀರನ್ನೇ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ.

ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಅಂಗಡಿಯವರಿಂದ ಹೈಡ್ರೋಮೀಟರ್ (ಒಳಗಿನ ದ್ರವದ ಸಾಂದ್ರತೆ ಅಳೆಯುವ ಕೊಳವೆ) ಹಾಕಿಸಿ. ಆರೂ ಕೋಶಗಳಲ್ಲಿ 1240ರ ಆಸುಪಾಸು ತೋರಿಸಿದರೆ ಜೀವ ಇದೆ. ಒಂದೇ ಕೋಶ 1100ಕ್ಕೆ ಕುಸಿದಿದ್ದರೆ ದುಡ್ಡು ಸುರಿಯಬೇಡಿ, ಹಳೆಯದನ್ನು ಕೊಟ್ಟು ಹೊಸದು ತನ್ನಿ. ಸೀಸಕ್ಕೆ ಬೆಲೆ ಇದೆ, ಚೌಕಾಸಿ ಮಾಡಿ.

ನೀರನ್ನು ಚಾರ್ಜ್ ಆದ ಮೇಲೆಯೇ, ಗುರುತಿನವರೆಗೆ ಮಾತ್ರ ಹಾಕಿ. ನಾನು ಮೊದಲೇ ತುಂಬಿಸಿಟ್ಟು, ಉಕ್ಕಿ ಬಂದದ್ದನ್ನು ಒರೆಸಲು ಹೋಗಿ ಹೊಸ ಹತ್ತಿಯ ಅಂಗಿಯನ್ನು ಜರಡಿ ಮಾಡಿಕೊಂಡಿದ್ದೇನೆ. ಮನೆಯವರು ಇನ್ನೂ ಅದನ್ನು ಒಗೆದು ಇಟ್ಟಿದ್ದಾರೆ, ತೋರಿಸುವುದಕ್ಕೆ.

ಹಾಗೆಯೇ, ಬ್ಯಾಟರಿ ಹೆಚ್ಚು ಹೊತ್ತು ಬರಬೇಕೆಂದರೆ ಫ್ಯಾನನ್ನೂ ನೋಡಿ: ಹಳೆಯದೊಂದು ಸುಮಾರು 75 ವ್ಯಾಟ್ ತಿನ್ನುತ್ತದೆ, ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು.